ನಿಮ್ಮ ಬೀರುವಿನಲ್ಲಿರುವ, ನನ್ನದಲ್ಲದ ವಾಚಿನ ಬಗ್ಗೆ

ವಿಮಾನ ನಿಲ್ದಾಣದ ಭದ್ರತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಒಂದು ವಾಚು ಇದೆ ಎಂದು ನೀವು ಕೊಟ್ಟ ಚೀಟಿ ಹೇಳುತ್ತದೆ. ಅದು ನನ್ನದಲ್ಲ. ದಯವಿಟ್ಟು ಅದನ್ನು ನನಗೆ ಕೊಟ್ಟುಬಿಡಿ.

ಈ ಮಾತು ಓದಿದವರಿಗೆ ನಾನು ಕಳ್ಳಿ ಇರಬೇಕು, ಇಲ್ಲವಾದರೆ ಪೆದ್ದಿ ಇರಬೇಕು ಎನ್ನಿಸುವುದು ಸಹಜ. ನಿಮ್ಮ ಸಿಬ್ಬಂದಿಗೂ ಹಾಗೇ ಅನ್ನಿಸಿತ್ತು. ಎರಡರಲ್ಲಿ ಯಾವುದು ಎಂದು ಅವರು ತೀರ್ಮಾನಿಸುವಷ್ಟರಲ್ಲಿ ನನ್ನ ವಿಮಾನ ನನ್ನನ್ನು ಬಿಟ್ಟು ಹಾರಿಹೋಯಿತು. ನಾನು ಕಳ್ಳಿಯಲ್ಲ ಎಂದು ಕೊನೆಗೆ ಒಪ್ಪಿದರು. ಪೆದ್ದಿಯ ವಿಷಯದಲ್ಲಿ ಏನು ತೀರ್ಮಾನವಾಯಿತೋ ತಿಳಿಸಲಿಲ್ಲ.

ಇದನ್ನು ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ನನಗೆ ಮಾತು ಕಡಿಮೆ. ಜನರ ಮುಂದೆ ಬಾಯಿ ತೆರೆದರೆ ಮೊದಲನೇ ಪದ ಬರುತ್ತದೆ, ಎರಡನೆಯದು ಮನೆಗೆ ಹೋದ ಮೇಲೆ ಬರುತ್ತದೆ. ನಿಮ್ಮ ಕಚೇರಿಗೆ ಎಷ್ಟೋ ಸಲ ಬಂದೆ. ಗಾಜಿನ ಕಿಟಕಿಯ ಹಿಂದಿದ್ದವರು “ಬರೆದು ಕೊಡಿ” ಎಂದರು. ಬರೆದು ಕೊಟ್ಟೆ. “ಸಾಹೇಬರಿಗೆ ಕಳಿಸ್ತೀವಿ” ಎಂದರು. ಸಾಹೇಬರು ಎಂದರೆ ನೀವೇ ಇರಬೇಕು. ಆ ಕಾಗದ ಕಿಟಕಿಯಿಂದ ಹೊರಟು ನಿಮ್ಮ ಕೋಣೆಯ ಕಡೆಗೆ ಇನ್ನೂ ನಡೆದುಕೊಂಡು ಬರುತ್ತಿದೆ ಎಂದು ಕಾಣುತ್ತದೆ. ಪತ್ರಿಕೆಯಾದರೆ ಬೆಳಗಾಗುತ್ತಲೇ ನಿಮ್ಮ ಮೇಜಿಗೆ ತಾನಾಗಿ ಬರುತ್ತದೆ, ಯಾರೂ ಕಳಿಸಬೇಕಾಗಿಲ್ಲ. ನಾನು ಶಾಲೆಗೆ ಹೋದದ್ದು ಪ್ರಾಥಮಿಕದವರೆಗೆ ಮಾತ್ರ. ಮುಂದಿನ ಓದೆಲ್ಲ ಗಿರಾಕಿಗಳು ವಾಚು ಸುತ್ತಿಕೊಂಡು ತರುವ ಹಳೆಯ ಪತ್ರಿಕೆಗಳಲ್ಲಿ. ಇಂಥ ಬಹಿರಂಗ ಪತ್ರಗಳ ಮೊದಲರ್ಧವನ್ನೋ ಕೊನೆಯರ್ಧವನ್ನೋ ಓದಿದ್ದೇನೆ, ಪೂರ್ತಿ ಸಿಕ್ಕಿದ್ದು ಕಡಿಮೆ. ನಡುವೆ ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ ಕ್ಷಮಿಸಿ.

ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ವಾಚು ರಿಪೇರಿ ಮಾಡುತ್ತಾಳೆ. ಅವಳ ಅಂಗಡಿ ಒಂದು ಕನ್ನಡಕದ ಅಂಗಡಿಗೂ ಒಂದು ಬೀಗದ ಅಂಗಡಿಗೂ ನಡುವೆ ಸಿಕ್ಕಿಕೊಂಡಿದೆ. ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕು, ಅಷ್ಟು ಜಾಗ. ಅಲ್ಲಿ ಅತ್ತೆಗೊಂದು ಮೇಜು, ಮೇಜಿನ ಮೇಲೊಂದು ಬಗ್ಗಿದ ದೀಪ. ನನಗೆ ಮೇಜಿಲ್ಲ, ಬೇಕಾಗಿಯೂ ಇಲ್ಲ. ರಿಪೇರಿಯಾದ ವಾಚನ್ನು ಕೈಗೆ ಕಟ್ಟಿಕೊಂಡು ಬದುಕುವುದು ನನ್ನ ಕೆಲಸ.

ನಗಬೇಡಿ, ಇದು ಕೆಲಸವೇ. ರಿಪೇರಿಯಾದ ಯಾವ ವಾಚನ್ನೂ ಅತ್ತೆ ನೇರವಾಗಿ ಗಿರಾಕಿಗೆ ಕೊಡುವುದಿಲ್ಲ. ಮೊದಲು ಅದು ನನ್ನ ಕೈಯಲ್ಲಿ ಕೆಲವು ದಿನ ಇರಬೇಕು. ನಾನು ಗುಡಿಸುವಾಗ, ಬಟ್ಟೆ ಒಣಹಾಕುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ಜೋಲಾಡುವಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಅದು ಹೇಗೆ ನಡೆಯುತ್ತದೆ ಎಂದು ನೋಡಬೇಕು. ಅತ್ತೆ ಹೇಳುವುದು ಹೀಗೆ: “ಮೇಜಿನ ಮೇಲೆ ಮಲಗಿರೋ ವಾಚು ಎಲ್ಲಾ ಸರಿಯಾಗೇ ತೋರಿಸುತ್ತೆ ಕಣೇ, ಆಸ್ಪತ್ರೇಲಿ ಮಲಗಿರೋ ಗಂಡಸರ ಥರ. ಎದ್ದು ಮನೆಗೆ ಬಂದ್ಮೇಲೆ ತಾನೇ ಅವರ ಯೋಗ್ಯತೆ ಗೊತ್ತಾಗೋದು!” ಒಮ್ಮೊಮ್ಮೆ ಒಂದೇ ಕೈಯಲ್ಲಿ ಎರಡು ಮೂರು ವಾಚು ಇರುತ್ತವೆ. ಬೀದಿಯಲ್ಲಿ ನನ್ನನ್ನು ಕರೆಯುವುದೇ ‘ಸ್ಟ್ಯಾಂಡು’ ಎಂದು. “ಸ್ಟ್ಯಾಂಡಮ್ಮಾ, ನಮ್ಮ ವಾಚು ಎಷ್ಟನೇ ಮಹಡೀಲಿದೆ?” ಎಂದು ಬೀಗದಂಗಡಿಯವರು ನನ್ನ ತೋಳು ನೋಡಿ ಕೇಳುತ್ತಾರೆ.

ಇನ್ನೊಂದು ಪದ್ಧತಿಯೂ ಇದೆ. ಗಿರಾಕಿ ಬಂದಾಗ ವಾಚನ್ನು ಮೇಜಿನ ಮೇಲಿಟ್ಟು ತಳ್ಳುವುದಿಲ್ಲ. ನನ್ನ ಕೈಯಿಂದ ಬಿಚ್ಚಿ, ಬಿಸಿ ಆರುವ ಮುಂಚೆ ಅವರ ಕೈಗೆ ಕಟ್ಟಬೇಕು. ಅಲ್ಲಿಗೆ ಕೆಲಸ ಮುಗಿಯಿತು. ನಡುವೆ ಪೆಟ್ಟಿಗೆ, ಡಬ್ಬ, ಲಕೋಟೆ ಯಾವುದೂ ಬರಬಾರದು. ಯಾಕೆ ಎಂದು ಕೇಳಿದರೆ ಅತ್ತೆ ಹೇಳುವುದಿಲ್ಲ. ಆದರೆ ಹಾಗೆ ಕಟ್ಟಿಸಿಕೊಂಡವರು ಇನ್ನೊಂದು ಅಂಗಡಿಗೆ ಹೋದದ್ದನ್ನು ನಾನು ನೋಡಿಲ್ಲ.

ಈಗ ನಿಮ್ಮ ಬೀರುವಿನ ವಾಚಿಗೆ ಬರುತ್ತೇನೆ. ಅದು ಬೇರೆ ಊರಿನ ಒಬ್ಬ ದೊಡ್ಡ ಮನುಷ್ಯರದು. ಅವರನ್ನು ‘ದೊಡ್ಡವರು’ ಎಂದೇ ಕರೆಯುತ್ತೇನೆ, ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ. ದೊಡ್ಡ ದೊಡ್ಡ ಅಂಗಡಿಗಳಲ್ಲಿ ರಿಪೇರಿ ಮಾಡಿಸಿದರೂ ಆ ವಾಚು ಮತ್ತೆ ಮತ್ತೆ ನಿಂತುಹೋಗುತ್ತಿತ್ತಂತೆ. ಕೊನೆಗೆ ಯಾರೋ ಅತ್ತೆಯ ವಿಷಯ ಹೇಳಿದರು. ಇಂಥ ಸಣ್ಣ ಅಂಗಡಿಯ ಮುಂದೆ ತಾವು ನಿಂತಿರುವುದನ್ನು ಯಾರಾದರೂ ನೋಡಿದರೆ ಎಂದು ಅವರು ತಾವೇ ಬರದೆ ಡ್ರೈವರನ್ನು ಕಳಿಸಿದರು. ವಾಚು ಮಖಮಲ್ಲಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಚರ್ಮದ ಚೀಲದಲ್ಲಿ, ಚೀಲ ಡ್ರೈವರಿನ ಎದೆಯ ಮೇಲೆ ಹಸುಗೂಸಿನ ಹಾಗೆ ಬಂತು.

ಅತ್ತೆ ರಿಪೇರಿ ಮಾಡಿ ನನ್ನ ಕೈಗೆ ಕಟ್ಟಿದಳು. ಅದರ ಬೆಲೆ ಎಷ್ಟು ಎಂದು ಕೇಳಿದೆ. “ಹೇಳಿದ್ರೆ ನಿನ್ನ ಕೈ ನಡುಗುತ್ತೆ, ಟೆಸ್ಟ್ ಕೆಡುತ್ತೆ. ಸುಮ್ಮನೆ ಹೋಗಿ ಅಂಗಡಿ ಗುಡಿಸು” ಎಂದಳು. ಗುಡಿಸಿದೆ. ಆ ವಾಚು ಕಟ್ಟಿಕೊಂಡೇ ತರಕಾರಿ ತಂದೆ, ಚಪ್ಪಲಿ ಹೊಲಿಸಲು ಸಾಲಿನಲ್ಲಿ ನಿಂತೆ, ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ಊರೆಲ್ಲ ಸುತ್ತಿದೆ. ಒಬ್ಬರಾದರೂ ತಿರುಗಿ ನೋಡಬೇಕಲ್ಲ! ಈ ಹುಡುಗಿಯ ಕೈಯಲ್ಲಿದೆ ಎಂದರೆ ಅದು ಅಗ್ಗದ್ದೇ ಇರಬೇಕು ಎಂದು ಜೇಬುಗಳ್ಳರೂ ನಂಬಿದ್ದರು. ಭದ್ರತೆ ಎಂದರೆ ಇದಲ್ಲವೇ? ಯಂತ್ರವಿಲ್ಲ, ಟ್ರೇ ಇಲ್ಲ, ಸಮವಸ್ತ್ರವಿಲ್ಲ. ನಿಮ್ಮ ಇಲಾಖೆಯವರು ಒಮ್ಮೆ ನಮ್ಮ ಊರಿನ ಬಸ್ಸು ಹತ್ತಿ ಅಧ್ಯಯನ ಮಾಡುವುದು ಒಳ್ಳೆಯದು.

ವಾಚು ಒಂದು ಸಲವೂ ನಿಲ್ಲಲಿಲ್ಲ. ಪೆಟ್ಟಿಗೆಯಲ್ಲಿ ಕಳಿಸುವುದಿಲ್ಲ, ಕೈಯಿಂದ ಕೈಗೇ ಕಟ್ಟುವುದು ಎಂದು ಅತ್ತೆ ಹಟ ಹಿಡಿದದ್ದಕ್ಕೆ ದೊಡ್ಡವರು ಟಿಕೆಟ್ ಕಳಿಸಿದರು. ಅತ್ತೆಗೆ ಲಿಫ್ಟ್ ಹತ್ತುವುದಕ್ಕೇ ಭಯ, ವಿಮಾನ ದೂರದ ಮಾತು. ಹಾಗಾಗಿ ನಾನೇ ಹೊರಟೆ. ನನಗೆ ವಿಮಾನದ ಭಯವಿರಲಿಲ್ಲ. ಇದ್ದದ್ದು ದೊಡ್ಡವರ ಭಯ.

“ನಾನೇ ಅವರ ಕೈ ಹಿಡಿದು ಕಟ್ಟಬೇಕಾ ಅತ್ತೆ?” ಎಂದು ಕೇಳಿದೆ.

“ಮತ್ತೆ? ಕಾಲಿಗೆ ಕಟ್ತೀಯಾ?”

“ಅವರ ಹತ್ರ ಏನಂತ ಮಾತಾಡಲಿ?”

“ಏನೂ ಮಾತಾಡ್ಬೇಡ. ಬಿಚ್ಚು, ಕಟ್ಟು, ನಮಸ್ಕಾರ ಅನ್ನು, ಬಾ. ಉಳಿದಿದ್ದು ವಾಚೇ ಮಾತಾಡುತ್ತೆ.”

ದಾರಿಯುದ್ದಕ್ಕೂ ‘ನಮಸ್ಕಾರ’ ಎಂಬ ಒಂದು ಪದವನ್ನೇ ಅಭ್ಯಾಸ ಮಾಡಿಕೊಂಡು ನಿಮ್ಮ ನಿಲ್ದಾಣಕ್ಕೆ ಬಂದೆ. ನಿಮ್ಮ ಸಿಬ್ಬಂದಿ ಬೇರೆ ಪದಗಳನ್ನು ಕೇಳುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಾಲಿನಲ್ಲಿ ನನ್ನ ಮುಂದೆ ಒಬ್ಬರು ಸೂಟು ಹಾಕಿದವರಿದ್ದರು. ಅವರ ಕೈಯಲ್ಲಿ ಕಾಫಿ ತಟ್ಟೆಯಷ್ಟು ಅಗಲದ ವಾಚು ಹೊಳೆಯುತ್ತಿತ್ತು. ಅವರು ಅದನ್ನು ಬಿಚ್ಚಿ ಟ್ರೇಯಲ್ಲಿಟ್ಟರು. ಟ್ರೇ ಯಂತ್ರದೊಳಗೆ ಹೋಯಿತು, ಆಚೆ ಬಂತು, ಅವರು ಕಟ್ಟಿಕೊಂಡರು, ನಿಮ್ಮವರು “ಗುಡ್ ಡೇ ಸರ್” ಎಂದರು. ನಾನೂ ಅವರನ್ನೇ ನೋಡಿ ಕಲಿತು, ನನ್ನ ಕೈಯ ವಾಚನ್ನು ಬಿಚ್ಚಿ ಟ್ರೇಯಲ್ಲಿಟ್ಟು ಚೌಕಟ್ಟಿನೊಳಗೆ ಕಾಲಿಟ್ಟೆ. ಚೌಕಟ್ಟು ಕಿರುಚಿತು. ಮಹಿಳಾ ಸಿಬ್ಬಂದಿ ಪರದೆಯ ಮರೆಗೆ ಕರೆದು “ಕೈ ಎತ್ತಮ್ಮಾ” ಎಂದರು. ಎತ್ತಿದೆ. ಬಟ್ಟೆಯ ತೋಳು ಕೆಳಗೆ ಜಾರಿತು. ಮೊಣಕೈಯ ಕೆಳಗೆ ಇನ್ನೂ ಎರಡು ವಾಚು!

ಮಾನ್ಯರೇ, ನಾನು ಅವನ್ನು ಮುಚ್ಚಿಡಲಿಲ್ಲ, ಮರೆತಿದ್ದೆ. ಒಂದು ನಮ್ಮ ಬೀದಿಯ ನರ್ಸಮ್ಮನದು, ಇನ್ನೊಂದು ಬೇಕರಿಯವರದು. ಎರಡೂ ಪರೀಕ್ಷೆಯಲ್ಲಿದ್ದವು. ದಿನವೂ ಕನ್ನಡಕ ಹಾಕುವವರು ಮೂಗಿನ ಮೇಲೆಯೇ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕುವುದಿಲ್ಲವೇ? ನನಗೆ ತೋಳಿನ ಮೇಲೆ ವಾಚಿದ್ದರೆ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಗೊತ್ತಾಗುತ್ತದೆ.

“ಏನಮ್ಮಾ ಇದು?” ಎಂದರು ಆ ಅಕ್ಕ.

“ವಾಚು.”

“ಅದು ಕಾಣ್ತಿದೆ. ಟ್ರೇನಲ್ಲೊಂದು, ಇಲ್ಲೆರಡು. ಒಬ್ಬಳಿಗೆ ಎಷ್ಟು ವಾಚು ಬೇಕು?”

ಎರಡನೇ ಪದ ಬರಲಿಲ್ಲ. ಅವರು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಬೇಕರಿಯವರ ವಾಚಿಗೆ ಓಡುವ ಚಾಳಿ, ನರ್ಸಮ್ಮನದಕ್ಕೆ ಹಿಂದೆ ಬೀಳುವ ಚಾಳಿ.

“ಮೂರರಲ್ಲೂ ಬೇರೆಬೇರೆ ಟೈಮ್ ಇದೆಯಲ್ಲಾ!”

ಸಾಲಿನಲ್ಲಿ ಕಾದು ಬೇಸತ್ತಿದ್ದ ಒಬ್ಬರು ಅಲ್ಲಿಂದಲೇ, “ಬಿಡಿ ಮೇಡಂ, ಅವರಿಗೆ ಮೂರು ದೇಶದಲ್ಲಿ ಬಿಸಿನೆಸ್ ಇರ್ಬೇಕು” ಎಂದರು. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ, ಭಯಕ್ಕೆ. ನಕ್ಕಿದ್ದು ತಪ್ಪಾಯಿತು. ಮೇಲ್ವಿಚಾರಕರು ಬಂದರು. ಅವರು ಮೊದಲು ದೊಡ್ಡವರ ವಾಚನ್ನು ನೋಡಿದರು, ಆಮೇಲೆ ನನ್ನ ಚಪ್ಪಲಿ ನೋಡಿದರು, ಆಮೇಲೆ ಮತ್ತೆ ವಾಚನ್ನು ನೋಡಿದರು. ಅಲ್ಲಿಗೇ ಅವರ ತನಿಖೆ ಮುಗಿದಿತ್ತು ಎಂದು ನನ್ನ ಅನಿಸಿಕೆ. ಮುಂದಿನದೆಲ್ಲ ಅದಕ್ಕೆ ಮಾತು ಜೋಡಿಸಿದ್ದಷ್ಟೇ.

“ಇದು ಯಾರದು?”

“ನನ್ನದಲ್ಲ ಸರ್.”

“ಇದು?”

“ಅದೂ ಅಲ್ಲ.”

“ಹೋಗಲಿ, ಇದು?”

“ಅದೂ ನನ್ನದಲ್ಲ.”

“ಹಾಗಾದ್ರೆ ನಿನ್ನ ವಾಚು ಯಾವುದಮ್ಮಾ?”

“ನನ್ನ ಹತ್ರ ವಾಚಿಲ್ಲ ಸರ್.”

ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನಿಮ್ಮ ನಿಲ್ದಾಣದಲ್ಲಿ ಆ ದಿನ ಇನ್ಯಾರಾದರೂ ಕೊಟ್ಟಿದ್ದರೆ ತೋರಿಸಿ. “ನನ್ನದು” ಎಂದು ಒಂದು ಸುಳ್ಳು ಹೇಳಿದ್ದರೆ ನಾನು ಆಗಲೇ ಆಕಾಶದಲ್ಲಿರುತ್ತಿದ್ದೆ. ಇಲ್ಲ, ಇರುತ್ತಿರಲಿಲ್ಲ. ಯಾಕೆಂದರೆ ಅವರ ಮುಂದಿನ ಪ್ರಶ್ನೆ “ಬಿಲ್ ಎಲ್ಲಿ?” ಎಂದಾಗಿತ್ತು.

ಈ ಬಿಲ್ಲಿನ ವಿಷಯದಲ್ಲಿ ನನಗೆ ಕೆಲವು ಸಂಶಯಗಳಿವೆ. ಮೈಮೇಲಿನ ವಸ್ತುವಿಗೆ ಬಿಲ್ಲು ಇಟ್ಟುಕೊಂಡು ತಿರುಗಬೇಕು ಎಂಬ ನಿಯಮವಿದ್ದರೆ ಅದನ್ನು ಬಾಗಿಲಲ್ಲೇ ಬರೆದು ಹಾಕಬಾರದೇ? ಆಗ ಸೂಟಿನವರು ಸೂಟಿನ ಬಿಲ್ಲು, ಬೂಟಿನ ಬಿಲ್ಲು, ಹಲ್ಲು ಕಟ್ಟಿಸಿದವರು ಹಲ್ಲಿನ ಬಿಲ್ಲು ಹಿಡಿದುಕೊಂಡು ಬರುತ್ತಾರೆ. ನನ್ನ ಮುಂದೆ ಹೋದವರ ಕಾಫಿ ತಟ್ಟೆಗೆ ಬಿಲ್ಲು ಕೇಳಿದ್ದನ್ನು ನಾನು ನೋಡಲಿಲ್ಲ. ಅವರ ಮುಖವೇ ಬಿಲ್ಲಾಗಿತ್ತು. ಹಾಗಾದರೆ ಯಾವ ಬೆಲೆಯ ವಾಚಿಗೆ ಎಂಥ ಮುಖ ಬೇಕು ಎಂದಾದರೂ ತಿಳಿಸಿ. ಮಕ್ಕಳಿಗೆ ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂದು ನೋಡಲು ಗೋಡೆಯ ಮೇಲೆ ಗೆರೆ ಎಳೆದಿರುತ್ತಾರಲ್ಲ, ಹಾಗೆ ನೀವೂ ಒಂದು ಗೆರೆ ಎಳೆಸಿ. ನಾವು ಅದರ ಪಕ್ಕ ನಿಂತು ನಮ್ಮ ಮುಖ ಎಷ್ಟು ಬೆಲೆಯ ವಾಚಿಗೆ ಮುಟ್ಟುತ್ತದೆ ಎಂದು ಮನೆಯಿಂದ ಹೊರಡುವ ಮೊದಲೇ ತಿಳಿದುಕೊಳ್ಳುತ್ತೇವೆ.

ಅತ್ತೆಗೆ ಫೋನ್ ಮಾಡಿಸಿದೆ. ಮೇಲ್ವಿಚಾರಕರು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ಆ ತೀರ್ಮಾನಕ್ಕೆ ಅವರು ಆಮೇಲೆ ಪಶ್ಚಾತ್ತಾಪಪಟ್ಟಿರಬಹುದು.

“ಏರ್‌ಪೋರ್ಟ್ ಸೆಕ್ಯೂರಿಟಿ ಅಮ್ಮಾ. ನಿಮ್ಮ ಹುಡುಗಿ ಹತ್ರ ಒಂದು ಭಾರೀ ವಾಚು ಸಿಕ್ಕಿದೆ.”

“ಸಿಕ್ಕಿದೆ ಅಂದ್ರೆ? ಕಟ್ಟಿ ಕಳಿಸಿದ್ದೇ ನಾನು. ಈಗ ಎಲ್ಲಿದೆ ಅದು?”

“ಟ್ರೇನಲ್ಲಿದೆ.”

“ಅಯ್ಯೋ, ಟ್ರೇನಲ್ಲಾ! ತಣ್ಣಗಾಗಿ ಹೋಗುತ್ತಲ್ಲ ಸ್ವಾಮಿ! ಮೊದಲು ಯಾರಾದ್ರೂ ಕಟ್ಕೊಳ್ಳಿ, ವಿಚಾರಣೆ ಆಮೇಲೆ ಮಾಡೋರಂತೆ.”

“ಅಮ್ಮಾ, ಇದು ನಿಮ್ಮದಾ?”

“ನನ್ನದ್ಯಾಕಾಗುತ್ತೆ? ರಿಪೇರಿಗೆ ಬಂದಿದ್ದೆಲ್ಲಾ ನನ್ನದು ಅಂದ್ಕೊಂಡ್ರೆ ನಾನು ಈ ಗೂಡಂಗಡೀಲಿ ಯಾಕೆ ಕೂತಿರ್ತಿದ್ದೆ?”

ಅತ್ತೆ ದೊಡ್ಡವರ ನಂಬರು ಕೊಟ್ಟಳು. ಮೇಲ್ವಿಚಾರಕರು ಅವರಿಗೂ ಫೋನ್ ಮಾಡಿದರು. ನನಗೆ ಸಮಾಧಾನವಾಯಿತು. ಇನ್ನೇನು, ಒಂದು ಮಾತಿನಲ್ಲಿ ಮುಗಿಯುತ್ತದೆ ಎಂದುಕೊಂಡೆ. ನಿಜವಾಗಿಯೂ ಒಂದೇ ಮಾತಿನಲ್ಲಿ ಮುಗಿಯಿತು.

“ಸರ್, ನಿಲ್ದಾಣದ ಭದ್ರತಾ ವಿಭಾಗದಿಂದ ಮಾತಾಡ್ತಿದೀವಿ. ಒಂದು ಬಹಳ ಬೆಲೆಬಾಳೋ ವಾಚಿನ ಬಗ್ಗೆ ಸ್ವಲ್ಪ ವಿವರ ಬೇಕಿತ್ತು.”

“ಯಾವ ವಿಭಾಗ ಅಂದ್ರಿ?”

“ಭದ್ರತಾ ವಿಭಾಗ ಸರ್. ಇದು ನಿಮ್ಮ ವಾಚೇ ತಾನೇ?”

“ನನಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನನ್ನ ಹತ್ರ ಅಂಥದ್ದೆಲ್ಲಾ ಎಲ್ಲಿಂದ ಬರಬೇಕು? ನಾನು ಟೈಮ್ ನೋಡೋದೇ ಮೊಬೈಲ್‌ನಲ್ಲಿ ರೀ.”

ಫೋನ್ ಇಟ್ಟರು. ಇದರಲ್ಲಿ ದೊಡ್ಡವರದು ಎಷ್ಟು ತಪ್ಪು, ನಿಮ್ಮದು ಎಷ್ಟು ತಪ್ಪು ಎಂದು ನಾನು ಹೇಳಲಾರೆ. ಸರ್ಕಾರದವರು ಫೋನ್ ಮಾಡಿ “ಈ ಬೆಲೆಬಾಳುವ ವಸ್ತು ನಿಮ್ಮದೇ?” ಎಂದು ಕೇಳಿದರೆ “ಹೌದು, ನನ್ನದೇ, ಇನ್ನೂ ಇವೆ, ಬನ್ನಿ ತೋರಿಸುತ್ತೇನೆ” ಎನ್ನುವವರು ಎಷ್ಟು ಜನ? ವಾಚು ಕಟ್ಟುವುದು ನಾಲ್ಕು ಜನ ನೋಡಲಿ ಎಂದು. ಆ ನಾಲ್ವರಲ್ಲಿ ಒಬ್ಬರು ಅಧಿಕಾರಿಯಾಗಿದ್ದರೆ ಅಂಗಿಯ ತೋಳು ವಾಚಿನ ಮೇಲೆ ತಾನಾಗಿಯೇ ಇಳಿಯುತ್ತದೆ.

ಹೀಗೆ ಆ ವಾಚು ನನ್ನದಲ್ಲ, ಅತ್ತೆಯದಲ್ಲ, ದೊಡ್ಡವರದೂ ಅಲ್ಲ ಎಂದಾಯಿತು. ಮೇಲ್ವಿಚಾರಕರು ಅದನ್ನು 'ವಾರಸುದಾರರಿಲ್ಲದ ಸ್ವತ್ತು' ಎಂದು ಬರೆದು ಚೀಟಿ ಕೊಟ್ಟರು. ಈ ಪದವನ್ನು ನಾನು ನಿಮ್ಮ ಚೀಟಿಯಿಂದಲೇ ಕಲಿತೆ, ಧನ್ಯವಾದ. ಆಮೇಲೆ ನರ್ಸಮ್ಮನ ವಾಚನ್ನೂ ಬೇಕರಿಯವರ ವಾಚನ್ನೂ ನನ್ನ ಕಡೆ ತಳ್ಳಿ, “ಇವನ್ನ ತಗೊಂಡು ಹೋಗಮ್ಮಾ” ಎಂದರು. ಅವೂ ನನ್ನವಲ್ಲ ಎಂದು ಹೇಳಿದ್ದೆನಲ್ಲ? ಅಗ್ಗದ ವಾಚಿಗೆ ವಾರಸುದಾರರು ಬೇಡವೇ? ನರ್ಸಮ್ಮ ರಾತ್ರಿ ಹಗಲು ಅದನ್ನು ನೋಡಿ ರೋಗಿಗಳ ನಾಡಿ ಎಣಿಸುತ್ತಾರೆ. ಅದನ್ನು ಯಾರು ಬೇಕಾದರೂ ಒಯ್ಯಬಹುದು, ಮೊಬೈಲಿನಲ್ಲಿ ಟೈಮ್ ನೋಡುವವರ ವಾಚಿಗೆ ಮಾತ್ರ ಬೀಗ!

ನಾನು ಮನೆಗೆ ಬಂದ ಸಂಜೆಯೇ ದೊಡ್ಡವರು ಅತ್ತೆಗೆ ಫೋನ್ ಮಾಡಿದರು. ಪಿಸುಮಾತಿನಲ್ಲಿ.

“ನನ್ನ ವಾಚು ಎಲ್ಲಿ?”

“ನಿಮಗೂ ಅದಕ್ಕೂ ಸಂಬಂಧ ಇಲ್ಲ ಅಂದ್ರಂತಲ್ಲ?”

“ಅದು ಅವರಿಗೆ ಹೇಳಿದ್ದು ರೀ. ನಿಮಗೆ ಬೇರೆ.”

“ಹಾಗಾದ್ರೆ ನಿಮ್ಮ ಬಾಯೂ ಎರಡೆರಡು ಟೈಮ್ ತೋರಿಸುತ್ತೆ ಅನ್ನಿ. ಅದನ್ನೂ ಕಳಿಸಿಕೊಡಿ, ಬಿಚ್ಚಿ ನೋಡ್ತೀನಿ.”

ಬಾಯಲ್ಲಿ ಹೀಗೆ ಅಂದಳು ನಿಜ. ಆದರೆ ಫೋನಿಟ್ಟ ಮೇಲೆ ಅತ್ತೆ ತನ್ನ ಇಕ್ಕಳ, ಸ್ಕ್ರೂ ಡ್ರೈವರುಗಳನ್ನೆಲ್ಲ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಡ್ರಾಯರಿಗೆ ಹಾಕಿ, ಬಗ್ಗಿದ ದೀಪವನ್ನು ಆರಿಸಿದಳು. ಮರುದಿನ ಶಟರ್ ಎತ್ತಿದಳು, ಮೇಜಿನ ಹತ್ತಿರ ಹೋಗಲಿಲ್ಲ. ಸ್ಟೂಲು ಹೊರಗೆ ಹಾಕಿಕೊಂಡು ಬೀದಿ ನೋಡುತ್ತ ಕೂತಳು. ಒಬ್ಬರು ಗೋಡೆ ಗಡಿಯಾರ ತಂದರು. “ಬೇರೆ ಕಡೆ ಕೊಡಿ” ಎಂದಳು. “ಯಾಕೆ, ಹುಷಾರಿಲ್ವಾ?” ಎಂದು ಅವರು ಕೇಳಿದರು. “ಒಬ್ಬರು ಕೊಟ್ಟ ವಸ್ತು ಅವರ ಕೈಗೆ ಮುಟ್ಟಿಸಲಿಲ್ಲ. ಇನ್ನೊಬ್ಬರದ್ದನ್ನ ಯಾವ ಮುಖ ಇಟ್ಕೊಂಡು ಮುಟ್ಟಲಿ?” ಎಂದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಬೀಗದಂಗಡಿಯವರು ಹೇಳಿ ನೋಡಿದರು. ನರ್ಸಮ್ಮ ಬಂದು ಬೈದೂ ನೋಡಿದರು. ಅಂದಿನಿಂದ ಇಂದಿನವರೆಗೆ ಅತ್ತೆ ಸ್ಟೂಲಿನಿಂದ ಒಳಗೆ ಹೋಗಿಲ್ಲ. ಸುಮ್ಮನೆ ಕೂತ ಅವಳ ಬೆರಳುಗಳು ಮಾತ್ರ ಮಡಿಲಲ್ಲಿ ಏನನ್ನೋ ಬಿಚ್ಚುತ್ತ, ಏನನ್ನೋ ಕೂರಿಸುತ್ತ ಇರುತ್ತವೆ. ಅದನ್ನು ನೋಡಲಾರದೆಯೇ ನಾನು ನಿಮ್ಮ ಕಿಟಕಿಗೆ ಬಂದು ಬಂದು ನಿಲ್ಲುತ್ತಿದ್ದೆ. ನನಗೆ ದೊಡ್ಡವರ ವಾಚು ಬೇಕಾಗಿರುವುದು ದೊಡ್ಡವರಿಗಾಗಿ ಅಲ್ಲ ಎಂದು ಈಗ ನಿಮಗೆ ಗೊತ್ತಾಗಿರಬೇಕು.

ಕಳೆದ ವಾರ ನಿಮ್ಮ ಗುಮಾಸ್ತರಿಗೆ ಕರುಣೆ ಬಂತೋ ಬೇಸರ ಬಂತೋ, “ವಾಪಸ್ ಕೊಡಕ್ಕಾಗಲ್ಲ. ಬೇಕಾದ್ರೆ ಒಂದು ಸಲ ಕಣ್ಣಲ್ಲಿ ನೋಡ್ಕೊಂಡು ಹೋಗು” ಎಂದು ವಾರಸುದಾರರಿಲ್ಲದ ವಸ್ತುಗಳ ಕೋಣೆಗೆ ಕರೆದುಕೊಂಡು ಹೋದರು. ಕೊಡೆಗಳು, ಒಂದೇ ಕಾಲಿನ ಬೂಟು, ಮಗುವಿನ ತಳ್ಳುಗಾಡಿ. ಒಂದು ಡಬ್ಬಿಯಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟೂ ಇತ್ತು. ಅದರ ಯಜಮಾನರು ಊಟದ ಹೊತ್ತಿಗಾದರೂ ನೆನಪು ಮಾಡಿಕೊಳ್ಳಬೇಕಿತ್ತು. ಕಬ್ಬಿಣದ ಬೀರು ಅಲ್ಲೇ ಮೂಲೆಯಲ್ಲಿತ್ತು. ಗುಮಾಸ್ತರು ಬೀರು ತೆರೆದರು, ಮುಚ್ಚಿದರು, ತಲೆ ಕೆರೆದುಕೊಂಡರು. “ಇಲ್ಲೇ ಇರು” ಎಂದು ಹೇಳಿ ಮಹಡಿಗೆ ಹೋದರು. ಬಹಳ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಇಳಿದು ಬಂದರು.

“ನೋಡು, ಭದ್ರವಾಗಿದೆ ತಾನೇ? ಯಾರೂ ಮುಟ್ಟಿಲ್ಲ.”

ವಾಚನ್ನು ನನ್ನ ಅಂಗೈಗೆ ಹಾಕಿದರು. ಬಿಸಿಯಾಗಿತ್ತು.

“ಓಡ್ತಿದೆ” ಎಂದೆ.

“ವಾಚು ಓಡದೆ ಇನ್ನೇನಮ್ಮಾ ಮಾಡುತ್ತೆ?”

ಮಾನ್ಯರೇ, ಅದು ಕೈಗೆ ಕಟ್ಟಿಕೊಂಡರೆ ಮಾತ್ರ ಓಡುವ ವಾಚು. ಬಿಚ್ಚಿಟ್ಟರೆ ಒಂದೆರಡು ದಿನದಲ್ಲಿ ನಿಂತುಹೋಗುತ್ತದೆ. ವಾರಗಟ್ಟಲೆ ಬೀರುವಿನಲ್ಲಿ ಮಲಗಿದ್ದರೂ ಅದು ನಿಂತಿರಲಿಲ್ಲ, ತಾರೀಖೂ ಸರಿಯಾಗಿತ್ತು. ಇನ್ನೂ ಒಂದು ಮಾತು. ನನ್ನ ಕೈ ಸಣ್ಣದು, ಪಟ್ಟಿಯನ್ನು ಬಿಗಿಯಾಗಿ ಎಳೆದು ಒಳಗಿನ ಕೊನೆಯ ತೂತಿಗೆ ಹಾಕಿ ಕಟ್ಟುತ್ತಿದ್ದೆ. ಈಗ ಮಡಿಕೆಯ ಗುರುತು ತುದಿಯ ಮೊದಲನೇ ತೂತಿನ ಹತ್ತಿರ ಬಿದ್ದಿದೆ. ಕಟ್ಟಿಕೊಂಡವರ ಕೈ ಸ್ವಲ್ಪ ದುಂಡಗಿರಬೇಕು. ನಿಮ್ಮ ಕೋಣೆ ಮಹಡಿಯ ಮೇಲಿದೆ ಎಂದು ಮೆಟ್ಟಿಲ ಬಳಿಯ ಫಲಕ ಹೇಳುತ್ತದೆ. ಮಹಡಿಯ ಮೇಲೆ ಬೇರೆ ಕೋಣೆಗಳೂ ಇರಬಹುದು. ಅದು ನಿಮ್ಮದೇ ಕೈ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಕೈಯನ್ನು ನಾನು ನೋಡಿಲ್ಲ.

ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ? ಆ ಕೈಯವರನ್ನೂ ಪರದೆಯ ಮರೆಗೆ ಕರೆದು ತೋಳು ಎತ್ತಿಸಬೇಕು, ಬಿಲ್ ಎಲ್ಲಿ, ಇದು ನಿಮ್ಮದೇ ಎಂದು ಕೇಳಬೇಕು, ಅವರು ನನ್ನಷ್ಟು ಪ್ರಾಮಾಣಿಕವಾಗಿ ಉತ್ತರಿಸುತ್ತಾರೋ ನೋಡಬೇಕು ಎನ್ನಿಸಿತು. ಅವರ ಚಪ್ಪಲಿಯನ್ನೂ ಒಮ್ಮೆ ನೋಡಬೇಕು ಎನ್ನಿಸಿತು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಕಂಬಿ ಹಿಡಿದು ಯೋಚಿಸಿದೆ. “ಯಾರಾದ್ರೂ ಕಟ್ಕೊಳ್ಳಿ” ಎಂದು ಅತ್ತೆ ಸ್ಪೀಕರಿನಲ್ಲಿ ಕೂಗಿ ಹೇಳಿದ್ದಳಲ್ಲ? ನಿಮ್ಮ ಇಡೀ ಇಲಾಖೆಯಲ್ಲಿ ಒಬ್ಬರಾದರೂ ಅವಳ ಮಾತು ಕೇಳಿದ್ದಾರೆ. ನಾನು ಬಿಟ್ಟ ಕೆಲಸವನ್ನು ಅವರು ಮುಂದುವರಿಸಿದ್ದಾರೆ. ಸಂಬಳವಿಲ್ಲದೆ, ಮಹಡಿ ಹತ್ತಿ ಇಳಿದು, ಕಡತಗಳ ಮೇಲೆ ಕೈ ಆಡಿಸಿ, ಬಹುಶಃ ಮದುವೆ ಮುಂಜಿಗೂ ಕಟ್ಟಿಕೊಂಡು ಹೋಗಿ, ವಾಚನ್ನು ಚೆನ್ನಾಗಿಯೇ ನಡೆಸಿದ್ದಾರೆ. ಅಷ್ಟೊಂದು ದಿನ ನಡೆಸಲು ನನಗೂ ಸಿಕ್ಕಿರಲಿಲ್ಲ.

ಅತ್ತೆಗೆ ಈ ವಿಷಯ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: “ಲೇಟಾಗಿತ್ತಾ?”

“ಇಲ್ಲ ಅತ್ತೆ. ಸರಿಯಾಗಿತ್ತು.”

“ಹೂಂ” ಎಂದಳು. ಆ ಹೂಂ ಕೇಳಿದ ಮೇಲೆ ಈ ಪತ್ರ ಬರೆಯುವ ಧೈರ್ಯ ಬಂತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ದೊಡ್ಡವರು ಬಂದು ಸಹಿ ಹಾಕಲಿ ಎಂದು ಕಾಯಬೇಡಿ, ಅವರು ಹಾಕುವುದಿಲ್ಲ. ನಿಮ್ಮ ಕಿಟಕಿಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ಅವರು ನಮ್ಮ ಊರಿಗೆ ಬಂದಿದ್ದಾರೆ. ಕರಿ ಕನ್ನಡಕ ಹಾಕಿಕೊಂಡು ಪಕ್ಕದ ಅಂಗಡಿಯಲ್ಲಿ ದಿನವೂ ಮಧ್ಯಾಹ್ನ ಬೇರೆ ಬೇರೆ ಕನ್ನಡಕ ಹಾಕಿ ನೋಡುತ್ತ ಅತ್ತೆಯ ಕಡೆ ಕಣ್ಣಿಟ್ಟಿರುತ್ತಾರೆ. ಕನ್ನಡಕದಂಗಡಿಯವರಿಗೆ ಈಗ ಅವರ ಕಾಟ ತಡೆಯಲಾಗುತ್ತಿಲ್ಲ. ಆ ವಾಚನ್ನು ಈಗ ಯಾರು ಕಟ್ಟುತ್ತಿದ್ದಾರೋ ಅವರು, ಯಾರಾದರೂ ಆಗಿರಲಿ, ಒಂದು ಮಧ್ಯಾಹ್ನ ಅದನ್ನು ಕಟ್ಟಿಕೊಂಡೇ ನಮ್ಮ ಬೀದಿಗೆ ಬರಲಿ. ಅವರ ಕೈಯಿಂದ ಬಿಚ್ಚಿ ದೊಡ್ಡವರ ಕೈಗೆ ಕಟ್ಟುವ ಕೆಲಸ ನಮ್ಮದು. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ನಿಮ್ಮ ಲೆಕ್ಕದಲ್ಲಿ ವಾಚು ಕಡಿಮೆಯಾಗುತ್ತದೆ ಎಂದು ಚಿಂತೆ ಬೇಡ. ವಾರಸುದಾರರಿಲ್ಲದ ಸ್ವತ್ತು ಕಾಣೆಯಾಯಿತು ಎಂದು ದೂರು ಕೊಡಲು ಯಾರಿದ್ದಾರೆ? ಅದು ನಿಮ್ಮ ಚೀಟಿಯಲ್ಲೇ ಬರೆದಿದೆ.

ಬರುವವರು ನಾಚಿಕೊಳ್ಳಬೇಕಾಗಿಲ್ಲ. ಆ ವಿಷಯದಲ್ಲಿ ನನಗೆ ಅನುಭವವಿದೆ, ನಾನು ಅವರ ಮುಖ ನೋಡುವುದಿಲ್ಲ. ಮಾತೂ ಬೇಕಾಗಿಲ್ಲ. ಬೀಗದ ಅಂಗಡಿ ದಾಟುತ್ತಲೇ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೂತಿರುತ್ತಾಳೆ. ನಾನು ಹೇಳಿಕೊಟ್ಟ ಹಾಗೆ ಅವಳು ದಾರಿಹೋಕರನ್ನೆಲ್ಲ ಈಗ ಒಂದೇ ಮಾತು ಕೇಳುತ್ತಿದ್ದಾಳೆ: “ಟೈಮ್ ಎಷ್ಟಾಯ್ತಪ್ಪಾ?”

ಅವರು ಬಾಯಿ ತೆರೆಯುವುದು ಬೇಡ. ಕೈ ಮುಂದೆ ಚಾಚಿದರೆ ಸಾಕು.

ಇಂತಿ,
ಸದ್ಯಕ್ಕೆ ಬರಿಗೈಯಲ್ಲಿ ಓಡಾಡುತ್ತಿರುವ,
ಟೈಮ್ ಎಷ್ಟೆಂದು ತಾನೂ ಬೇರೆಯವರನ್ನೇ ಕೇಳಬೇಕಾಗಿರುವ,
ವಾಚ್ ರಿಪೇರಿ ಅಂಗಡಿಯವಳ ಸೋದರಸೊಸೆ